ನರ್ಸಮ್ಮನ ಬಿಸ್ಕತ್ತಿನ ಡಬ್ಬಿ

ಮಗಳು ಹಿತ್ತಲ ಗೋಡೆಗೆ ಒರಗಿ ಮೂರನೇ ಕಡ್ಡಿ ಗೀರುತ್ತಿದ್ದಾಗ ಪಕ್ಕದಲ್ಲಿ ಯಾರೋ ಕೆಮ್ಮಿದರು. ಕಡ್ಡಿ ಕೈಜಾರಿತು. ಒಳಗೆ ಅಮ್ಮನ ಹೆಣ, ಹೊರಗೆ ಐದು ತಿಂಗಳ ಬಸುರಿ ಮಗಳ ಬಾಯಲ್ಲಿ ಸಿಗರೇಟು! ಅದೂ ಮೂವತ್ತು ವರ್ಷ ಬಸುರಿಯರ ಸಿಗರೇಟು ಬಿಡಿಸಿದ ನರ್ಸಮ್ಮನ ಮಗಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಬಂದವಳು ಬಸ್ಸು ಓಡಿಸುವ ಹೆಂಗಸು. ಸಮವಸ್ತ್ರದಲ್ಲೇ ಓಡಿ ಬಂದಿದ್ದಳು.

"ಅಮ್ಮನ ಡಬ್ಬಿ ಎಲ್ಲಿದೆ?"

"ಯಾವ ಡಬ್ಬಿ?"

"ಅಯ್ಯೋ, ನಿಂಗೊತ್ತಿಲ್ವಾ? ಬಿಡ್ತೀನಿ ಅಂದೋರ ಹತ್ರ ಉಳಿದ ಪ್ಯಾಕ್ ಇಸ್ಕೊಂಡು, ತಾರೀಕು ಬರೆದು ಇಟ್ಕೋತಿದ್ರು. ಬೇಕಾದಾಗ ಬಂದು ಕೇಳು, ಕೊಡ್ತೀನಿ ಅನ್ನೋರು."

"ಕೊಟ್ಬಿಡ್ತಿದ್ರಾ?"

"ಕೊಡಲ್ಲ ಅಂತ ಒಂದ್ಸಲನೂ ಅನ್ಲಿಲ್ಲ. ಕೂತ್ಕೋ, ಮೊದ್ಲು ಟೀ ಕುಡಿ ಅನ್ನೋರು. ಟೀ ಮುಗಿಯೋಷ್ಟರಲ್ಲಿ ಕೇಳಕ್ಕೇ ನಾಚಿಕೆ ಆಗೋದು. ನಮ್ಮ ಚಿಕ್ಕದು ಹೊಟ್ಟೇಲಿದ್ದಾಗ ಬಿಟ್ಟಿದ್ದು, ಅದಕ್ಕೀಗ ಒಂಬತ್ತು ವರ್ಷ. ನನ್ನ ಪ್ಯಾಕ್ ಬೇರೆಯೋರ ಕೈಗೆ ಸಿಗಬಾರ್ದು ಅಂತ ಬಂದೆ."

*

ಹೋದ ವಾರ ಅಮ್ಮ ಮಗಳ ಹತ್ತಿರ ಬಂದು, ಕೂದಲು ಮೂಸಿ, "ಟೀ ಕುಡೀತೀಯಾ?" ಎಂದಿದ್ದಳು. ಅಷ್ಟೇ.

ಮಗಳಿಗೆ ರೇಗಿ ಹೋಯಿತು. "ನೀನು ಜನ್ಮದಲ್ಲಿ ಒಂದಾದ್ರೂ ಮುಟ್ಟಿದೀಯಾ? ನನ್ನ ಒದ್ದಾಟ ನಿಂಗೇನು ಗೊತ್ತು? ಊರಿಗೆಲ್ಲ ಉಪದೇಶ ಮಾಡೋದು ಸುಲಭ."

ಅಮ್ಮ ಟೀ ಲೋಟ ಮುಂದೆ ಸರಿಸಿದಳು. ಮಗಳು ಟೀ ಕುಡಿಯದೆ ಎದ್ದು ಹೋದಳು. ಬುಧವಾರ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತ ಅಮ್ಮ ಮತ್ತೆ ಏಳಲೇ ಇಲ್ಲ.

*

ಡಬ್ಬಿ ಅಡುಗೆಮನೆಯ ಕಪಾಟಿನ ಮೇಲೇ ಇತ್ತು. ಹಳೇ ಬಿಸ್ಕತ್ತಿನ ಡಬ್ಬಿ. ಒಳಗೆ ಪ್ಯಾಕುಗಳು, ಒಂದರ ಮೇಲೂ ಹೆಸರಿಲ್ಲ, ಬರೀ ತಾರೀಕು. ಡ್ರೈವರಮ್ಮ ತನ್ನದನ್ನು ಥಟ್ಟನೆ ಗುರುತು ಹಿಡಿದಳು.

ತಳದಲ್ಲಿ ಒಂದು ಹಳದಿಗಟ್ಟಿದ ಪ್ಯಾಕು. ಈಗ ಅಂಗಡಿಯಲ್ಲಿ ಸಿಗದ ಜಾತಿ. ಒಳಗೆ ಏಳು ಸಿಗರೇಟು. ಅಮ್ಮನ ದುಂಡನೆಯ ಅಕ್ಷರದಲ್ಲಿ ತಾರೀಕು, ಕೆಳಗೆ ಒಂದೇ ಮಾತು: ನನ್ನದು.

ಮಗಳು ತಾರೀಕನ್ನು ಮತ್ತೆ ಓದಿದಳು. ತಾನು ಹುಟ್ಟುವುದಕ್ಕೆ ಬರೀ ಮೂರು ವಾರ ಮುಂಚೆ.

ಚಿಕ್ಕಂದಿನಲ್ಲಿ ತಾನು ಉಬ್ಬಸದಿಂದ ಒದ್ದಾಡುವಾಗ ಡಾಕ್ಟರು ಕೇಳುತ್ತಿದ್ದರು, "ಮನೇಲಿ ಯಾರಾದ್ರೂ ಸೇದ್ತಾರಾ?" ಅಮ್ಮ ತಲೆ ತಗ್ಗಿಸಿ "ಈಗ ಯಾರೂ ಇಲ್ಲ" ಅನ್ನುತ್ತಿದ್ದಳು. ಆ "ಈಗ" ಇವತ್ತಿನವರೆಗೂ ಮಗಳ ಕಿವಿಗೆ ಬಿದ್ದಿರಲಿಲ್ಲ.

"ಸ್ಮಶಾನದ ಗಾಡಿ ಬಂತು!" ಮುಂಬಾಗಿಲಿಂದ ಯಾರೋ ಕೂಗಿದರು.

ಮಗಳು ಜೇಬಿನಿಂದ ತನ್ನ ಪ್ಯಾಕು ತೆಗೆದಳು. "ಪೆನ್ ಇದ್ಯಾ?"

ತಾರೀಕು ಸೊಟ್ಟಸೊಟ್ಟಗೆ ಬಂತು. ಡಬ್ಬಿಯ ಮುಚ್ಚಳ ಹಾಕಿ ಎರಡು ನಿಮಿಷವೂ ಆಗಿರಲಿಲ್ಲ, ಅವಳ ಕೈ ಮತ್ತೆ ಮುಚ್ಚಳಕ್ಕೆ ಹೋಯಿತು. "ನಂಗೆ ಈಗ್ಲೇ ಬೇಕು ಅನ್ನಿಸ್ತಿದೆ."

"ಕೊಡ್ತೀನಿ," ಎಂದಳು ಡ್ರೈವರಮ್ಮ, ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು. "ಮೊದ್ಲು ಕೂತ್ಕೋ."

ಹೊರಗೆ ಹಾರ್ನು ಎರಡು ಸಲ ಕೂಗಿತು. ಡ್ರೈವರಮ್ಮ ನರ್ಸಮ್ಮನ ಒಲೆ ಹಚ್ಚಿ ಟೀಗೆ ನೀರಿಟ್ಟಳು.