ತ್ರೀನುವಿಗೆ ಇಟ್ಟ ಹೊಸ ಹೆಸರು

ನಮ್ಮೂರು ವಿಲ್ಯಾಂಡಿಯ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಾಸ್ಟರ್ ವೊಲ್ಡೆಮಾರ್ ಕುಲ್ಡ್‌ಮಾ ಮೊನ್ನೆಮೊನ್ನೆಯವರೆಗೆ ಗೋಲ್ಡ್‌ಮನ್ ಆಗಿದ್ದವನು. ಜರ್ಮನ್ ಮನೆತನದ ಹೆಸರು ಬಿಟ್ಟು ಎಸ್ಟೋನಿಯನ್ ಹೆಸರು ಹಾಕಿಕೊಳ್ಳಿ ಎಂದು ಸರ್ಕಾರ ಹೇಳಿದ್ದೇ ತಡ, ನೋಂದಣಿ ಕಚೇರಿಯ ಸಾಲಿನಲ್ಲಿ ಮೊದಲಿಗನಾಗಿ ನಿಂತ. ಅರ್ಜಿ ಬರೆದುಕೊಂಡ ಗುಮಾಸ್ತೆ ನಾನೇ. ಮಾರನೆಯ ದಿನದಿಂದ, ದೇಶವನ್ನು ತಾನೊಬ್ಬನೇ ಹೆತ್ತವನಂತೆ ಎದೆ ಮುಂದೆ ಮಾಡಿಕೊಂಡು ಓಡಾಡತೊಡಗಿದ.

ಅಷ್ಟಕ್ಕೇ ಬಿಟ್ಟನೆ? ಹುಡುಗಿಯರ ಹೆಸರಿಗೂ ಕೈ ಹಾಕಿದ. ಹಿಂದೆ ಯಾವಾಗಲೋ ಜನರ ಬಾಯಲ್ಲಿ ಕಾತಾರೀನಾ ಸವೆದು ತ್ರೀನು ಆಗಿತ್ತು, ಮಗ್ದಲೇನಾ ಸವೆದು ಮಾದ್ಲಿ. ಇವೆಲ್ಲ ಜರ್ಮನ್ ಪಾದ್ರಿಗಳ ಎಂಜಲಂತೆ. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಹೆಸರು ಹೊಡೆದುಹಾಕಿ, ಒಬ್ಬಳನ್ನು ಮಣಿ ಎಂಬರ್ಥದ ಹೆಲ್ಮಿ ಮಾಡಿದ, ಇನ್ನೊಬ್ಬಳನ್ನು ಅಲೆ ಎಂಬರ್ಥದ ಲೈನೆ. ಹತ್ತು ವರ್ಷದ ತ್ರೀನು ಬಾಯಿಬಡುಕಿ. ಅವಳಿಗೆ ವೈಕೆ ಎಂದಿಟ್ಟ. ಎಂದರೆ ಮೌನದ ಹುಡುಗಿ.

ಅವಳು ಹಾಜರಿಗೆ ಓಗೊಡಲೇ ಇಲ್ಲ. ಎದುರು ಬೆಂಚಿನಲ್ಲಿ ಕೂತವಳಿಗೆ ಈ ಮಹಾಶಯ ವಾರವಿಡೀ ಗೈರುಹಾಜರಿ ಹಾಕಿದ. ಕಡೆಗೆ ಕಾರಣ ಕೇಳಿದರೆ, "ವೈಕೆ ಅಂತ ನೀವೇ ಇಟ್ರಲ್ಲ ಸಾರ್, ಅದಕ್ಕೇ ಸುಮ್ನಿದ್ದೆ" ಎಂದಳು.

ಮೈಯೆಲ್ಲ ಉರಿದು, ಹೆಸರನ್ನು ಕಾಯಂ ಮಾಡಿಸಿಯೇ ಬಿಡುತ್ತೇನೆಂದು ಅವಳ ತಾಯಿ ಮಾದ್ಲಿಯನ್ನು ನನ್ನ ಕಚೇರಿಗೆ ಕರೆಸಿದ. ಆಕೆ ಬೆಣ್ಣೆ ಕಾರ್ಖಾನೆಯಿಂದ ಏಪ್ರನ್ ಕೂಡ ಬಿಚ್ಚದೆ ಬಂದಳು.

"ಸಹಿ ಹಾಕಮ್ಮ. ಮಗು ಅಪ್ಪಟ ಎಸ್ಟೋನಿಯನ್ ಆಗ್ಲಿ."

"ಇಷ್ಟು ದಿನ ಏನಾಗಿದ್ಲು? ಚೀನಾದೋಳಾ?"

"ತ್ರೀನು ಅನ್ನೋದು ಹೊರಗಿನ ಹೆಸರು, ತಿಳ್ಕೋ."

"ಬಂದಿದ್ದು ಹೊರಗಿಂದ್ಲೇ, ಯಾರಿಲ್ಲ ಅಂದ್ರು? ನಮ್ಮಜ್ಜಿ, ಅವರಜ್ಜಿ ಎಲ್ಲ ಹೊಲದಲ್ಲಿ ಕೂಗೀ ಕೂಗೀ ಅದನ್ನ ನಮ್ದು ಮಾಡ್ಕೊಂಡ್ರು. ಅದ್ಸರಿ ಹೆಡ್‌ಮಾಸ್ಟ್ರೇ, ವೊಲ್ಡೆಮಾರ್ ಅನ್ನೋದು ಯಾವ ಎಸ್ಟೋನಿಯನ್ ಹಸು ಹಾಕಿದ ಕರು?"

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು. "ನನ್ನ ಮಗಳಿಗೆ ಐನೋ ಅಂತಿಟ್ಟಿದ್ದೀನಿ! ಸಾವಿರ ವರ್ಷದ ನಮ್ಮ ನೆಲದ ಹೆಸರು!"

ಅಲ್ಲಿಯವರೆಗೆ ನಾಲಗೆ ಬಿಗಿಹಿಡಿದಿದ್ದೆ. ಇನ್ನಾಗಲಿಲ್ಲ.

"ಅದು ಫಿನ್ಲೆಂಡಿಂದ ಬಂದಿದ್ದು ಸಾರ್. ಚಾಲ್ತಿಗೆ ಬಂದು ನೂರು ವರ್ಷಾನೂ ಆಗಿಲ್ಲ. ಚರ್ಚಿನ ಹಳೇ ಜನನ ಪುಸ್ತಕ ಈಗ ನಮ್ಮ ಕಚೇರಿಲೇ ಇದೆ, ಅದರಲ್ಲಿ ತ್ರೀನುಗಳು ಅದಕ್ಕಿಂತ ಎಷ್ಟೋ ಹಿಂದಿಂದ ಇದ್ದಾರೆ. ತೆಗೆದು ತೋರಿಸ್ಲಾ?"

ಬೇಡವೆಂದ. ಬೇಕೆನ್ನುವಷ್ಟು ಓದಿನ ಹಸಿವು ಅವನಿಗೆ ಎಂದೂ ಇರಲಿಲ್ಲ. ಮಾದ್ಲಿ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅವನ ಕೋಟಿನ ಜೇಬಿಗೆ ತುರುಕಿ, ಕೆಲಸಕ್ಕೆ ಹೊತ್ತಾಯಿತೆಂದು ಹೊರಟೇಹೋದಳು.

ಸುದ್ದಿ ಊರೆಲ್ಲ ಹಬ್ಬಿತು. ಆ ವಾರ ಇನ್ನೂ ಹತ್ತು ತಾಯಂದಿರು ಶಾಲೆಗೆ ಹೋದರು. ಈ ದೇಶೋದ್ಧಾರಕ ಹನ್ನೊಂದು ಹಳೆಯ ಹೆಸರುಗಳನ್ನು ತನ್ನ ಕೈಯಾರೆ ಮತ್ತೆ ಬರೆಯಬೇಕಾಯಿತು, ಅದೂ ಮಕ್ಕಳೆದುರಿಗೇ. ಉಳಿದ ಎಂಟು ಹುಡುಗಿಯರಿಗೆ ಹೊಸ ಹೆಸರೇ ಹಿಡಿಸಿತ್ತು; ಹೇಳದಿದ್ದರೆ ಸುಳ್ಳಾಗುತ್ತದೆ. ಆದರೆ ಹೆಸರು ಬದಲಿಸುವ ಮೊದಲು ಅವರನ್ನೂ ಯಾರೂ ಕೇಳಿರಲಿಲ್ಲ.