ತುಂಬಿದ್ದು ಕಾಣಬಾರದು

ನಮ್ಮದು ಸೋಫಾ ರಿಪೇರಿ ಅಂಗಡಿ. ಅಪ್ಪ ಹೋದ ಮೇಲೆ ಅಕ್ಕ ಮತ್ತು ನಾನು ನಡೆಸುತ್ತಿದ್ದೇವೆ. ಅಕ್ಕ ಬಟ್ಟೆ ಕತ್ತರಿಸಿ ಹೊಲಿಯುತ್ತಾಳೆ, ನಾನು ಸ್ಪ್ರಿಂಗ್ ಕಟ್ಟಿ ಒಳಗೆ ತುಂಬುತ್ತೇನೆ. ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಅವನ ಮಾತುಗಳು. ಹೊಸ ಕುಷನ್ನಿಗೆ ಕಣ್ಣಳತೆಗಿಂತ ಕಾಲು ಭಾಗ ಜಾಸ್ತಿ ತುಂಬು, ಜನ ಕೂತೂ ಕೂತೂ ಅದು ತಗ್ಗುತ್ತದೆ ಎನ್ನುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಮಾತು, ತುಂಬಿದ್ದು ಕಾಣಬಾರದು ಎನ್ನುವುದು. ನೋಡಿದವರು ಕುರ್ಚಿ ಚೆನ್ನಾಗಿದೆ ಎನ್ನಬೇಕೇ ಹೊರತು ಒಳಗೇನು ತುಂಬಿದ್ದೀರಿ ಎಂದು ಕೇಳಬಾರದು.

ನನಗೀಗ ನಲವತ್ತಾರು. ಇಬ್ಬರು ಮಕ್ಕಳಿಗೆ ಹಾಲೂಡಿಸಿದ್ದೇನೆ. ನಡುವೆ ಒಮ್ಮೆ ವಿಪರೀತ ದಪ್ಪಗಾಗಿ, ಆಮೇಲೆ ಹಟ ಹಿಡಿದು ಇಳಿಸಿದ್ದೇನೆ. ಇಳಿದದ್ದು ತೂಕ ಮಾತ್ರವಲ್ಲ. ನನ್ನ ಎದೆ, ಸ್ಪಂಜು ತೆಗೆದ ದಿಂಬಿನ ಕವರಿನ ಹಾಗೆ ಜೋತುಬಿದ್ದಿತ್ತು. ಬೇರೆಯವರಿಗೆ ಇದು ಸಣ್ಣ ವಿಷಯ ಇರಬಹುದು. ನಾನಂತೂ ಎಷ್ಟೋ ವರ್ಷಗಳಿಂದ ಬೀರುವಿನ ಕನ್ನಡಿಗೆ ಬೆನ್ನು ಹಾಕಿಯೇ ಬಟ್ಟೆ ಬದಲಿಸುತ್ತಿದ್ದೆ. ಹಗಲಿಡೀ ಊರವರ ಜೋತುಬಿದ್ದ ಕುರ್ಚಿಗಳನ್ನು ಸರಿಮಾಡುವವಳು ಮನೆಗೆ ಬಂದು ಗೋಡೆ ನೋಡಿಕೊಂಡು ಬಟ್ಟೆ ಹಾಕುವುದೆಂದರೆ ಏನರ್ಥ? ಒಂದು ದಿನ ನನಗೆ ನನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಬಂದರೆ ಸುಮ್ಮನೆ ಕೂರುವ ಪೈಕಿ ಅಲ್ಲ ನಾನು.

ಮೊದಲು ಅಕ್ಕನಿಗೆ ಹೇಳಿದೆ. ಎದೆ ಮೇಲೆತ್ತಿಸಿ ಒಳಗೆ ಇಂಪ್ಲಾಂಟ್ ಹಾಕಿಸಿಕೊಳ್ಳುತ್ತೇನೆ ಎಂದೆ.

"ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?" ಎಂದಳು.

"ನನಗೆ."

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೆ."

"ಹಾಸಿಗೆ ಮಾಡೋರು ನಾವೇ ಅಲ್ವಾ ಅಕ್ಕ? ಸ್ವಲ್ಪ ಉದ್ದ ಮಾಡ್ಕೊಂಡ್ರಾಯ್ತು."

ಅಕ್ಕ ಮೂಗು ಮುರಿದಳು. "ಏನಾದ್ರೂ ಮಾಡಿಸ್ಕೊ. ಆದ್ರೆ ನನಗೆ ತೋರಿಸೋಕೆ ಬರಬೇಡ, ನಾನು ನೋಡಲ್ಲ."

ಗಂಡ ಬಸ್ ಡ್ರೈವರ್. ಕೇಳಿದ್ದಕ್ಕೆ "ನಿನ್ನಿಷ್ಟ" ಎಂದ. ಅಡುಗೆಗೆ ಉಪ್ಪು ಸಾಕಾ ಎಂದು ಕೇಳಿದರೂ ಈ ಮನುಷ್ಯನದು ಅದೇ ಉತ್ತರ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅವರು ಟೇಪು ಹಿಡಿದ ರೀತಿ ನೋಡಿಯೇ ನನಗೆ ನಂಬಿಕೆ ಬಂತು, ಬಿಗಿಯಾಗಿ ಎಳೆಯದೆ ಮೈಮೇಲೆ ಸುಮ್ಮನೆ ಮಲಗಿಸಿ ಅಳೆದರು. ಲಿಫ್ಟ್ ಎಂದರೆ ಹೆಚ್ಚಾದ ಚರ್ಮ ಕತ್ತರಿಸಿ, ಮೊಲೆತೊಟ್ಟನ್ನು ಮೇಲಕ್ಕೆ ತಂದು, ಉಳಿದದ್ದನ್ನು ಬಿಗಿಯಾಗಿ ಹೊಲಿಯುವುದು ಎಂದರು. ಅದರಿಂದ ಆಕಾರ ಬರುತ್ತದೆ, ಖಾಲಿಯಾದದ್ದು ತುಂಬುವುದಿಲ್ಲ. ತುಂಬುವುದಕ್ಕೆ ಇಂಪ್ಲಾಂಟ್ ಬೇಕು. ಅದರಲ್ಲಿ ದುಂಡಗಿನದು ಒಂದು, ಮೇಲೆ ತೆಳ್ಳಗೆ ಕೆಳಗೆ ದಪ್ಪ ಇರುವ ಹನಿಯಾಕಾರದ್ದು ಇನ್ನೊಂದು. ಎಷ್ಟು ಅಗಲ ಬೇಕೆಂದು ಎದೆಗೂಡೇ ಹೇಳುತ್ತದೆ, ಎಷ್ಟು ಉಬ್ಬಬೇಕೆಂದು ನೀವು ಯೋಚಿಸಿ ಎಂದರು. ಅಕ್ಕಿ ಅಳೆದು ಸಣ್ಣ ಚೀಲದಲ್ಲಿ ತುಂಬಿ, ಬ್ರಾ ಒಳಗಿಟ್ಟುಕೊಂಡು ಕೆಲವು ದಿನ ಮನೆಯಲ್ಲಿ, ಕೆಲಸದಲ್ಲಿ ಓಡಾಡಿ ನೋಡಲು ಹೇಳಿ ಕಳಿಸಿದರು.

ಚೀಲ ಹೊಲಿಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನುಣುಪಾದ ಲೈನಿಂಗ್ ಬಟ್ಟೆಯಲ್ಲಿ ಎರಡು ದುಂಡು ಚೀಲ ಹೊಲಿದೆ. ಕನ್ನಡಿ ನೋಡದೆ, ಕೈಯಿಂದಲೇ ತಡವಿ ಒಂದು ಅಳತೆ ಹಿಡಿದೆ. ಅದರ ಮೇಲೆ ಅಪ್ಪನ ಲೆಕ್ಕದಂತೆ ಕಾಲು ಭಾಗ ಜಾಸ್ತಿ ಸೇರಿಸಿದೆ, ಆಮೇಲೆ ತಗ್ಗುತ್ತದಲ್ಲ ಎಂದು.

"ಡಬ್ಬದಲ್ಲಿ ಅಕ್ಕಿ ಇಲ್ಲವಲ್ಲ, ಎಲ್ಲಿ ಹೋಯ್ತು?" ಎಂದು ಗಂಡ ಅಡುಗೆಮನೆಯಿಂದ ಕೇಳಿದ.

"ನನ್ನ ಹತ್ರ ಇದೆ."

ಅವನು ಬಂದು ನೋಡಿದ. ಬಹಳ ಹೊತ್ತು ಯೋಚಿಸಿ, "ಊಟಕ್ಕೆ ಸ್ವಲ್ಪ ಬಿಟ್ಟಿದ್ದೀಯಾ?" ಎಂದ.

ಮುಂದಿನ ಸಲ ಡಾಕ್ಟರ ಮುಂದೆ ಕೂತು ಮುನ್ನೂರೈವತ್ತು ಎಂದೆ. ಇಂಪ್ಲಾಂಟನ್ನು ಸಿಸಿ, ಅಂದರೆ ಮಿಲಿಲೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಅವರು ತಲೆಯಾಡಿಸಿದರು.

"ಬರೀ ಇಂಪ್ಲಾಂಟ್ ಆಗಿದ್ರೆ ನೋಡಬಹುದಿತ್ತು. ಲಿಫ್ಟ್ ಜೊತೆ ಒಂದೇ ಸಲಕ್ಕೆ ನಿಮಗೆ ಅಷ್ಟು ದೊಡ್ಡದು ನಾನು ಹಾಕಲ್ಲ. ಇನ್ನೂರೈವತ್ತರ ಒಳಗಿರ್ಲಿ."

"ಆಮೇಲೆ ತಗ್ಗುತ್ತಲ್ಲ ಡಾಕ್ಟ್ರೇ?"

"ಸ್ವಲ್ಪ ಕೆಳಗಿಳಿದು ಜಾಗ ಹಿಡಿಯುತ್ತೆ. ಗಾತ್ರ ಕಮ್ಮಿ ಆಗಲ್ಲ. ಭಾರ ಜಾಸ್ತಿಯಾದ್ರೆ ಹೊಲಿಗೆ ಎಳೆಯುತ್ತೆ, ಮತ್ತೆ ಬೇಗ ಜೋತುಬೀಳುತ್ತೆ."

ಅವರು ಹೇಳಿದ್ದು ಇಷ್ಟು. ನನ್ನ ಕಿವಿಗೆ ಬಿದ್ದದ್ದು ಮಾತ್ರ "ನಿನಗೆ ಇಷ್ಟು ಸಾಕು" ಎಂದು. ಎರಡನೆಯವಳಾಗಿ ಹುಟ್ಟಿದವಳಿಗೆ ಈ ಮಾತಿನ ಉರಿ ಗೊತ್ತಿರುತ್ತದೆ. ಅಕ್ಕ ಉಟ್ಟು ಬಿಟ್ಟ ಬಟ್ಟೆ ಸಾಕು, ಅಕ್ಕ ಓದಿ ಬಿಟ್ಟ ಪುಸ್ತಕ ಸಾಕು. ಈಗ ಸ್ವಂತ ಮೈಗೂ ಇನ್ನೊಬ್ಬರು ಅಳತೆ ಹೇಳುವುದಾ? ಬೇರೆ ಕಡೆ ವಿಚಾರಿಸುತ್ತೇನೆ ಎಂದು ಎದ್ದೆ.

"ವಿಚಾರಿಸಿ," ಎಂದರು ಡಾಕ್ಟರು, ಬೇಸರವಿಲ್ಲದೆ. "ತೀರ್ಮಾನ ನಿಮ್ದು."

ಇನ್ನೊಂದು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಎಷ್ಟು ಬೇಕಾದರೂ ಹಾಕುತ್ತೇವೆ, ಸೋಮವಾರ ಬನ್ನಿ ಎಂದರು. ನನ್ನನ್ನು ನೋಡದೆ, ಟೇಪು ಹಿಡಿಯದೆ ಹೂಂ ಎಂದರಲ್ಲ ಎಂದು ಆಗ ಹೊಳೆಯಲಿಲ್ಲ. ಗೆದ್ದೆ ಅನ್ನಿಸಿತು. ಅಕ್ಕ ಮಾತ್ರ "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಗೊಣಗಿ ಕತ್ತರಿ ಎತ್ತಿಕೊಂಡಳು.

ಆ ವಾರ ನಮ್ಮ ಮುಂದಿದ್ದದ್ದು ಒಂದು ಹಳೆಯ ಮಖಮಲ್ಲಿನ ಕುರ್ಚಿ. ಅದರ ಒಡತಿ ಒಬ್ಬ ಅಜ್ಜಿ, ಬಟ್ಟೆ ಬದಲಿಸಬೇಡಿ, ಇದೇ ಇರಲಿ ಎಂದು ಖಂಡಿತವಾಗಿ ಹೇಳಿ ಹೋಗಿದ್ದರು. ಸಡಿಲವಾಗಿ ನೆರಿಗೆ ಬಿದ್ದ ಭಾಗವನ್ನು ಅಕ್ಕ ಕತ್ತರಿಸಿ ತೆಗೆದು, ಉಳಿದದ್ದನ್ನು ಎಳೆದು ಕೂಡಿಸಿ ಹೊಲಿದಳು. ತುಂಬುವ ಸರದಿ ನನ್ನದು. ಅಂಗಿಯೊಳಗೆ ಅಕ್ಕಿ, ತಲೆಯೊಳಗೆ ಸಿಟ್ಟು. ಒತ್ತಿ ಒತ್ತಿ ತುಂಬಿದೆ. ಸಂಜೆ ಬಾಗಿಲು ಹಾಕುವಾಗ ಕುರ್ಚಿ ಹೊಸ ಮದುಮಗನ ಹಾಗೆ ಎದೆಯುಬ್ಬಿಸಿ ಕೂತಿತ್ತು.

ಬೆಳಿಗ್ಗೆ ಬಂದು ನೋಡಿದರೆ ಮುಂದಿನ ಹೊಲಿಗೆ ಬಾಯಿ ಬಿಟ್ಟಿತ್ತು. ದಾರ ತುಂಡಾಗಿರಲಿಲ್ಲ. ದಾರ ಹಿಡಿದಿದ್ದ ಬಟ್ಟೆಯೇ ಹಿಗ್ಗಿ ಹರಿದಿತ್ತು. ಅಕ್ಕ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಇದು ಹೊಸ ಬಟ್ಟೆನಾ?" ಎಂದಳು.

"ಅಲ್ಲ."

"ಮತ್ತೆ ಹೊಸದರ ಲೆಕ್ಕ ಯಾಕೆ ಹಾಕಿದೆ? ಕತ್ತರಿಸಿ ಎಳೆದು ಹೊಲಿದ ಬಟ್ಟೆಗೆ ಕಮ್ಮಿ ತುಂಬು ಅಂತ ಅಪ್ಪ ಎಷ್ಟು ಸಲ ಬೈದಿಲ್ಲ ನಿನಗೆ?"

ಹಾಗೆಂದು ಅವಳು ಕುರ್ಚಿ ನೋಡಿದಳು, ನನ್ನ ಅಂಗಿಯ ಉಬ್ಬು ನೋಡಿದಳು, ಮತ್ತೆ ಕುರ್ಚಿ ನೋಡಿದಳು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನಗೆ ಭಯವಾಯಿತು. ಬೇರೆಯವರ ಕುರ್ಚಿಯ ಮೇಲಾದರೆ ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು. ಗಿರಾಕಿ ಇನ್ನಷ್ಟು ತುಂಬಿ ಎಂದು ಹಟ ಹಿಡಿದರೆ, ಹೊಲಿಗೆ ತಡೆಯಲ್ಲ ಎಂದು ನಾನೇ ದಿನಾ ಹೇಳುತ್ತೇನೆ. ಅದೇ ಮಾತನ್ನು ಡಾಕ್ಟರು ಹೇಳಿದರೆ ನನಗೆ ಕೆಂಡದಂಥ ಕೋಪ. ಇಷ್ಟು ದಿನ ನನ್ನನ್ನು ನಾನು ಹೊಸ ಬಟ್ಟೆ ಎಂದುಕೊಂಡೇ ಅಳೆದಿದ್ದೆ. ಕತ್ತರಿ ಬೀಳುವುದು ನನ್ನ ಮೇಲೇ ಎನ್ನುವುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕುರ್ಚಿಯ ಹೊಲಿಗೆ ಬಿಚ್ಚಿ, ತುಂಬಿದ್ದನ್ನು ಹಿಡಿಹಿಡಿಯಾಗಿ ತೆಗೆದೆ. ಆಮೇಲೆ ಬಾಗಿಲು ಹಾಕಿಕೊಂಡು ನನ್ನ ಚೀಲಗಳನ್ನೂ ಬಿಚ್ಚಿದೆ. ಆಸೆ ಬಿಟ್ಟೆ ಎಂದಲ್ಲ. ಬಿಡುವ ಮಾತೇ ಇರಲಿಲ್ಲ. ಸರಿಯಾದ ಅಳತೆ ಸಿಗುವವರೆಗೆ ನಾನು ಯಾವ ಕೆಲಸವನ್ನೂ ಕೈಬಿಟ್ಟವಳಲ್ಲ. ಅಕ್ಕಿ ಸ್ವಲ್ಪ ತೆಗೆಯುವುದು, ಬೆಂಚಿನ ಮೇಲೆ ಬಗ್ಗಿ ಮೊಳೆ ಹೊಡೆಯುವುದು, ಮಗ್ಗುಲಾಗಿ ಮಲಗಿ ಸೋಫಾದ ಅಡಿ ನುಸುಳುವುದು, ಮತ್ತೆ ಸ್ವಲ್ಪ ತೆಗೆಯುವುದು. ಕೊನೆಗೆ ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಮೈಮೇಲೆ ಚೀಲ ಇದೆ ಎನ್ನುವುದೇ ಮರೆತುಹೋಯಿತು. ತೆಗೆದು ಅಳೆದೆ. ಇನ್ನೂರ ಇಪ್ಪತ್ತೈದು. ಆ ಇನ್ನೊಂದು ಕ್ಲಿನಿಕ್ಕಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ.

"ಇನ್ನೂರೈವತ್ತರವರೆಗೂ ಹೋಗಬಹುದು," ಎಂದರು ನಮ್ಮ ಡಾಕ್ಟರು.

"ಬೇಡ," ಎಂದೆ, ಕಡ್ಡಿ ಮುರಿದ ಹಾಗೆ.

"ಆಕಾರ?"

"ದುಂಡಗಿಂದು. ಹನಿಯಾಕಾರದ್ದು ಒಳಗೆ ತಿರುಗಿದ್ರೆ ರೂಪ ಕೆಡುತ್ತೆ ಅಂದಿದ್ರಿ. ದುಂಡಗಿರೋದು ಎತ್ತ ತಿರುಗಿದ್ರೂ ದುಂಡಗೇ ಇರುತ್ತಲ್ವಾ?"

ಅವರು ನಕ್ಕರು. ನಾನೂ ನಕ್ಕೆ. ಆವತ್ತು ಸಿಟ್ಟು ಮಾಡಿಕೊಂಡು ಎದ್ದುಹೋದದ್ದಕ್ಕೆ ಕ್ಷಮಿಸಿ ಎಂದೂ ಹೇಳಿದೆ.

ಆಪರೇಷನ್ನಿನ ಬೆಳಿಗ್ಗೆ ನನ್ನನ್ನು ನಿಲ್ಲಿಸಿ ಪೆನ್ನಿನಿಂದ ಮೈಮೇಲೆ ಗೆರೆ ಎಳೆದರು, ಅಕ್ಕ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಎಳೆಯುವ ಹಾಗೆಯೇ. ಎರಡೂ ಬದಿ ಸಮ ಇದೆಯೇ ಎಂದು ಬಗ್ಗಿ ನೋಡಿಕೊಂಡೆ. ನೋಡಲ್ಲ ಎಂದ ಅಕ್ಕ ಹೊರಗೆ ಬೆಂಚಿನ ಮೇಲೆ ದಿನವಿಡೀ ಕೂತಿದ್ದಳಂತೆ. ಆಮೇಲೆ ನಾನು ಕೈ ಎತ್ತಬಾರದು, ಭಾರ ಹೊರಬಾರದು ಎಂದು ಡಾಕ್ಟರು ಹೇಳಿದಾಗ ಅಂಗಡಿಯಲ್ಲಿ ನನ್ನ ಕೆಲಸವನ್ನೂ ಅವಳೇ ಮಾಡಿದಳು. ತುಂಬುವುದು ಅವಳಿಗೆ ಬರುವುದಿಲ್ಲ. ಆ ಕುಷನ್ನುಗಳನ್ನೆಲ್ಲ ಈಗ ಒಂದೊಂದಾಗಿ ಬಿಚ್ಚಿ ಸರಿಮಾಡುತ್ತಿದ್ದೇನೆ.

ಗಾಯ ಒಣಗಿ, ಊತ ಇಳಿದು, ಡಾಕ್ಟರು ಇನ್ನು ಪರವಾಗಿಲ್ಲ ಎಂದ ಮೇಲೆ ಒಂದು ಬೆಳಿಗ್ಗೆ ಬೀರುವಿನ ಮುಂದೆ ನಿಂತೆ. ರೂಢಿಯಂತೆ ಕಾಲು ಗೋಡೆಯ ಕಡೆ ತಿರುಗಿತು. ಅದನ್ನು ಗದರಿಸಿ ಈ ಕಡೆ ತಿರುಗಿಸಿದೆ. ತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ, ಎದೆಯ ಬುಡದುದ್ದಕ್ಕೂ ಕೆಂಪು ಗೆರೆಗಳು. ಗೆರೆಗಳ ನಡುವೆ ನಾನು. ಎಷ್ಟೋ ದಿನದ ಮೇಲೆ ಸಿಕ್ಕ ನೆಂಟರನ್ನು ನೋಡುವ ಹಾಗೆ ನೋಡುತ್ತ ನಿಂತೆ.

ಅಂಗಡಿಗೆ ಕರೆಯಲು ಬಂದ ಅಕ್ಕ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳೇ ಮುಖ ತಿರುಗಿಸಿದಳು.

"ನೋಡಲ್ಲ ಅಂದಿದ್ದೆಯಲ್ಲ, ನೋಡಬೇಡ," ಎಂದೆ.

ಅವಳು ಕನ್ನಡಕ ಹಾಕಿಕೊಂಡಳು. ಹತ್ತಿರ ಬಂದು ಮೊದಲು ನೋಡಿದ್ದು ಹೊಲಿಗೆಯನ್ನು. ಒಂದು ಬದಿ ನೋಡಿ, ಇನ್ನೊಂದು ಬದಿ ನೋಡಿ, "ಪರವಾಗಿಲ್ಲ" ಎಂದಳು. ಅಪ್ಪ ಹೋದಾಗಿನಿಂದ ಇನ್ನೊಬ್ಬರ ಹೊಲಿಗೆಗೆ ಅವಳು ಅಷ್ಟು ಹೇಳಿದ್ದು ನಾನು ಕೇಳಿಲ್ಲ. ಆಮೇಲೆ, ಮುಗಿದ ಕುರ್ಚಿಯನ್ನು ನೋಡಲು ನಿಲ್ಲುವ ಹಾಗೆ, ಬಾಗಿಲವರೆಗೆ ಹಿಂದೆ ಸರಿದು ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು.

"ತುಂಬಿದ್ದು ಕಾಣಲ್ಲ ಕಣೆ," ಎಂದಳು.

ಅಕ್ಕ ಸೆರಗಿಲ್ಲದ ಕಡೆ ಸೆರಗು ಹುಡುಕಿ, ಕೈಯಿಂದಲೇ ಮೂಗು ಒರೆಸಿಕೊಂಡು, "ಹೊತ್ತಾಯ್ತು, ಬಾ" ಎಂದು ಗದರಿದಳು.

"ನೀನು ನಡಿ ಅಕ್ಕ. ಬಾಗಿಲು ಎಳ್ಕೊಂಡು ಹೋಗು. ನಾನಿನ್ನೂ ನೋಡಿ ಮುಗಿಸಿಲ್ಲ."