ಬೆಳ್ಳಮ್ಮನ ಪಾಲು

ನಾಗಶ್ರೀ ಸುಲಿಯುತ್ತಿದ್ದ ಬಾಳೆಹಣ್ಣನ್ನು ಪಟ್ಟಲಮ್ಮ ಕಿತ್ತುಕೊಂಡಳು.

"ಹೆಣ ಮನೇಲದೆ. ಎತ್ತೋ ಗಂಟ ನೀರ್ ಬುಟ್ಟು ಏನೂ ಮುಟ್ಟಂಗಿಲ್ಲ ಕಣಮ್ಮ."

"ಬೆಳಗಿಂದ ಹೊಟ್ಟೇಲಿ ಮಗ ಮಿಸುಕಿಲ್ಲ ದೊಡ್ಡವ್ವ. ಕಣ್ಣು ಕತ್ಲೆ ಬತ್ತದೆ."

"ನಾವೂ ಮಕ್ಳ ಹೆತ್ತಿಲ್ವಾ? ಬೆಳ್ಳಮ್ಮನ ಮಗಳು ವೀಣ ಚಿತ್ರದುರ್ಗದಿಂದ ಬಂದೇಟ್ಗೆ ಎತ್ಬುಡ್ತಾರೆ. ಬಸ್ರಿ ಹೆಂಗ್ಸು ಹೆಣ ನೋಡ್ಬಾರ್ದು, ಒಳ್ಗೇ ಇರು."

ಸತ್ತವಳು ನಾಗಶ್ರೀಯ ಅತ್ತೆ ಬೆಳ್ಳಮ್ಮ. ಪಟ್ಟಲಮ್ಮ ಆಕೆಯ ಅಕ್ಕ. ಪಟ್ಟಲಮ್ಮ ಮಾತ್ರ ಪಕ್ಕದ ಮನೆಯಲ್ಲಿ ಎರಡು ಸಲ ಕಾಫಿ ಕುಡಿದು ಬಂದಿದ್ದಳು. ಶಾಸ್ತ್ರ ಆಗ ಮುಖ ಅತ್ತ ತಿರುಗಿಸಿತ್ತೇನೋ. ನಾಗಶ್ರೀಯ ಗಂಡ ಪುಟ್ಟರಾಜು ಅಂಗಳದಲ್ಲಿ ಚಟ್ಟ ಕಟ್ಟಿಸುತ್ತಿದ್ದ. ಅವಳ ಮೈಯಲ್ಲಿ ರಕ್ತವೇ ಇಲ್ಲವೆಂದು ಮದ್ದೂರಿನ ಡಾಕ್ಟರು ಹೋದ ವಾರವಷ್ಟೇ ಬೈದಿದ್ದರು. ನಾಗಶ್ರೀ ಹೊಟ್ಟೆ ತಟ್ಟಿ ನೋಡಿದಳು. ಒಳಗಿನ ಕೂಸು ಅಲುಗಲಿಲ್ಲ. ಅವಳಿಗೆ ಹೆದರಿಕೆಯಾಯಿತು.

*

ಮೊದಲ ಮಗಳು ಚಂದನ ಹೊಟ್ಟೆಯಲ್ಲಿದ್ದಾಗ ಬೆಳ್ಳಮ್ಮ ಸೊಸೆಯ ತಟ್ಟೆಯಿಂದ ಅರ್ಧ ಮುದ್ದೆ ಮುರಿದು ತೆಗೆಯುತ್ತಿದ್ದಳು.

"ಮಗ ದಪ್ಪ ಆದ್ರೆ ಎರ್ಗೆ ಕಷ್ಟ ಆಯ್ತದೆ ಕಣವ್ವ."

ಕೆಟ್ಟತನದಿಂದಲ್ಲ, ಹಿಂದೆ ಆಕೆಯ ಬಸಿರನ್ನೂ ಹಿರಿಯರು ಹಾಗೆಯೇ ಕಾದಿದ್ದರು. ಚಂದನ ಬಡಕಲಾಗಿ ಹುಟ್ಟಿದಳು. ಅಂಗನವಾಡಿಯಲ್ಲಿ ಒಮ್ಮೆ ಮೊಮ್ಮಗಳು ಓರಗೆಯವರ ಭುಜಕ್ಕೂ ಬಾರದ್ದನ್ನು ಕಂಡು ಬೆಳ್ಳಮ್ಮ ಮನೆಗೆ ಬಂದವಳೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಈ ಸಲ ಬಸಿರು ನಿಂತದ್ದೇ ತಡ, ತನ್ನ ಪಾಲಿನ ಮುದ್ದೆಯನ್ನೂ ಸೊಸೆಯ ತಟ್ಟೆಗೆ ಹಾಕತೊಡಗಿದಳು. "ನಂದಾಯ್ತು, ನೀನುಣ್ಣು" ಎಂದು ಸುಳ್ಳು ಹೇಳುವಳು. ಎಸರಿಗೆ ಇನ್ನೊಂದು ಹಿಡಿ ಹಿಟ್ಟು ಹಾಕಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

*

ವೀಣ ಬಂದಳು, ಅಳು ಮುಗಿಲು ಮುಟ್ಟಿತು. ಸತ್ತವಳ ಬಾಯಿಗೆ ಅಕ್ಕಿ ಹಾಕಲು ಮನೆಯವರನ್ನು ಕರೆದರು. ನಾಗಶ್ರೀ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಲೇ, ನೀನ್ಯಾಕ್ ಬಂದೆ? ಒಳೀಕೋಗು!" ಪಟ್ಟಲಮ್ಮ ಗದರಿದಳು.

"ಇರೋಳು ಒಬ್ಳೇ ಸೊಸೆ. ನಾನ್ ಆಕ್ದೆ ಇನ್ಯಾರ್ ಆಕಾರು?"

ನೆನೆಸಿದ ಅಕ್ಕಿಯನ್ನು ಹಿಡಿ ತುಂಬ ತೆಗೆದುಕೊಂಡಳು. ನಾಲ್ಕು ಕಾಳು ಅತ್ತೆಯ ತುಟಿಗಿಟ್ಟಳು. ಉಳಿದದ್ದನ್ನು ಎಲ್ಲರ ಎದುರೇ ತನ್ನ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

ಪಟ್ಟಲಮ್ಮ ಎದೆ ಬಡಿದುಕೊಂಡಳು.

"ಹೆಣದ ಅಕ್ಕಿ ತಿಂದ್ಲಲ್ಲಪ್ಪೋ! ಪುಟ್ಟರಾಜು, ನೋಡ್ಲಾ ನಿನ್ನೆಡ್ತೀಯ!"

ಪುಟ್ಟರಾಜು ಒದ್ದೆ ಪಂಚೆಯಲ್ಲಿ, ತಾಯಿಯ ಬಾಯಿಗೆಂದು ತೆಗೆದ ಅಕ್ಕಿ ಹಿಡಿದು ನಿಂತಿದ್ದ. ಹೆಂಡತಿಯ ಬಿಳಿಚಿದ ತುಟಿ ಇಂದೇ ಕಂಡಂತೆ ಬಹಳ ಹೊತ್ತು ನೋಡಿದ. ಆಮೇಲೆ ಅಕ್ಕಿಯ ಮುಷ್ಟಿಯನ್ನು ಹೆಣದ ಮೇಲಿಂದಲೇ ಅವಳ ಕಡೆ ಚಾಚಿದ. ನಾಗಶ್ರೀ ಬೊಗಸೆಯೊಡ್ಡಿದಳು.